ನೆರಿಯದ ಮೂರು ಅಳತೆ

ನಾನು ಮೂಡುಬಿದಿರೆಯ ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುವವನು. ಮನೆ ಮಾತ್ರ ಬಂಟ್ವಾಳ ಪೇಟೆಯಲ್ಲಿ, ಒಬ್ಬ ಬ್ಯಾರಿ ಟೈಲರ್ ಅಂಗಡಿಯ ಮೇಲಿನ ಮಾಳಿಗೆ. ನೇತ್ರಾವತಿ ಏರಿದರೆ ಮೊದಲು ಮುಳುಗುವುದು ಅವರ ಅಂಗಡಿ. ಒಂದು ಮಳೆಗಾಲದಲ್ಲಿ ಊರವರು ಹೊಲಿಯಲು ಕೊಟ್ಟ ಮದುವೆ ಬಟ್ಟೆಗಳೆಲ್ಲ ಕೆಸರಾಗಿ, ಅವರು ಮನೆಮನೆಗೆ ಹೋಗಿ ಕೈಮುಗಿದು ಬಂದಿದ್ದರು. ಅದನ್ನು ನೋಡಲಾಗದೆ ಒಂದು ಪ್ರೋಗ್ರಾಂ ಬರೆದೆ. ಮೇಲಿನ ಊರುಗಳಲ್ಲಿ ಎಷ್ಟು ಮಳೆ ಬಿದ್ದರೆ ಇಲ್ಲಿ ಹೊಳೆ ಎಷ್ಟು ಏರುತ್ತದೆ ಎಂಬುದನ್ನು ಅದು ಹಳೆಯ ದಾಖಲೆಗಳಿಂದ ಕಲಿತಿತ್ತು.

ಕೆಲಸ ಸರಳ. ಬೆಳ್ತಂಗಡಿ ಕಡೆಯ ಏಳೆಂಟು ಮಂದಿ ತಮ್ಮ ಅಂಗಳದ ಮಳೆ ಅಳೆದು ವಾಟ್ಸ್ಯಾಪ್ ಗ್ರೂಪಿಗೆ ಕಳುಹಿಸುತ್ತಿದ್ದರು. ಊರೂರಿನ ಲೆಕ್ಕವನ್ನು ನಾನು ಬೆಳಿಗ್ಗೆ ಅದೇ ಗ್ರೂಪಿಗೆ ಹಾಕುತ್ತಿದ್ದೆ. ಪ್ರೋಗ್ರಾಮಿನೊಳಗೆ ಟೆನ್ಸರ್ ಎಂಬ ಸಂಖ್ಯೆಗಳ ಸಾಲು. ಅದರಲ್ಲಿ ಊರಿಗೊಂದು ಜಾಗ. ಬಂದ ಅಳತೆ ಆಯಾ ಊರಿನ ಜಾಗಕ್ಕೆ ಸೇರಬೇಕು, ಅಷ್ಟೆ. ಜೂನ್ ತಿಂಗಳಿಡೀ ಸರಿಯಾಗಿಯೇ ಹೇಳಿತು. ನನಗೆ ಕೊಂಬು ಬಂದಿತ್ತು.

ಜುಲೈಯ ಒಂದು ಬೆಳಿಗ್ಗೆ ಟೈಲರ್ ಕೆಳಗಿನಿಂದ ಕೂಗಿದರು: "ಸರ್, ಇವತ್ತು ನಿಮ್ಮ ಲೆಕ್ಕ ಏನು ಹೇಳ್ತದೆ? ಬಟ್ಟೆ ಮೇಲೆ ತರಬೇಕಾ?"

"ಬೇಡ, ಧೈರ್ಯದಲ್ಲಿ ಹೊಲಿಯಿರಿ" ಎಂದೆ.

ಆಗಲೇ ಬೆಳ್ತಂಗಡಿಯ ಆಚೆಯ ನೆರಿಯ ಎಂಬ ಊರಿನಿಂದ ಫೋನ್. ಅಲ್ಲಿ ಮಳೆ ಅಳೆಯುವವರು ಒಬ್ಬ ನಿವೃತ್ತ ಟೀಚರ್. "ಸರ್, ಗ್ರೂಪಿನಲ್ಲಿ ನೆರಿಯಕ್ಕೆ ಹನ್ನೆರಡು ಮಿಲಿಮೀಟರ್ ಅಂತ ಹಾಕಿದ್ದೀರಿ. ನನ್ನ ಉಳಿದ ಮಳೆ ಎಲ್ಲಿ ಹೋಯಿತು?"

"ಟೀಚರ್, ನೀವೇ ಏನೋ ತಪ್ಪು ಕಳುಹಿಸಿರಬೇಕು. ಕಂಪ್ಯೂಟರ್ ಕೊಟ್ಟದ್ದನ್ನೇ ಕೂಡಿಸುತ್ತದೆ."

"ಕಂಪ್ಯೂಟರ್ ಇಲ್ಲಿಗೆ ಬಂದು ನೋಡಿದೆಯಾ?"

ನನಗೆ ಸಿಟ್ಟು ಬಂತು. ಕ್ಲಾಸಿಗೆ ಹೊತ್ತಾಯಿತು ಎಂದು ಫೋನ್ ಇಟ್ಟುಬಿಟ್ಟೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನಾನೂ ಅದೇ ಜಾತಿಯವನು.

ಐದು ನಿಮಿಷದಲ್ಲಿ ಅವರದೇ ಫೋನ್ ಮತ್ತೆ ಬಂತು. ಈ ಸಲ ಮಕ್ಕಳಿಗೆ ಮಗ್ಗಿ ಹೇಳಿಕೊಡುವವರ ಹಾಗೆ ನಿಧಾನವಾಗಿ ಹೇಳಿದರು. "ನನ್ನ ಅಳತೆಯ ಗಾಜು ಸಣ್ಣದು ಸರ್. ದೊಡ್ಡ ಮಳೆಗೆ ತುಂಬಿಬಿಡ್ತದೆ. ನಿನ್ನೆಯಿಂದ ಮೂರು ಸಲ ಬರೆದು, ಚೆಲ್ಲಿ, ಪುನಃ ಇಟ್ಟಿದ್ದೇನೆ. ಎಂಬತ್ತು, ಎಪ್ಪತ್ತು, ಕೊನೆಗೆ ಹನ್ನೆರಡು. ಮೂರೂ ನಿಮಗೆ ಕಳುಹಿಸಿದ್ದುಂಟು."

ಪ್ರೋಗ್ರಾಂ ತೆರೆದು ನೋಡಿದೆ. ಒಂದೇ ಜಾಗಕ್ಕೆ ಮೂರು ಅಳತೆ! ಬೇರೆ ದಿನ ಊರಿಗೊಂದೇ ಅಳತೆ ಬರುತ್ತಿದ್ದುದರಿಂದ ನನ್ನ ತಪ್ಪು ಅಡಗಿ ಕುಳಿತಿತ್ತು. ಪ್ರೋಗ್ರಾಮಿನಲ್ಲಿ ನಾನು ಬರೆದ ಆ ಆಜ್ಞೆಯ ಸಾಲು ಮೂರನ್ನೂ ಒಂದರ ಮೇಲೊಂದು ಸೇರಿಸುತ್ತಿರಲಿಲ್ಲ. ಒಂದೊಂದನ್ನೂ ಮೊದಲಿನ ಸೊನ್ನೆಗೇ ಕೂಡಿಸಿ, ಹಿಂದಿನದನ್ನು ಅಳಿಸಿ ಬರೆಯುತ್ತಿತ್ತು. ಉಳಿದದ್ದು ಕೊನೆಯ ಹನ್ನೆರಡು. ಅಂದರೆ ಮಳೆ ಜೋರಾದ ದಿನವೇ ನನ್ನ ಪ್ರೋಗ್ರಾಂ ಮಳೆ ಕಡಿಮೆ ಎನ್ನುವುದು. ಬಡಿಸುವವನು ಎರಡನೆಯ ಸಲ ಅನ್ನ ಹಾಕುವಾಗ ಎಲೆಯಲ್ಲಿದ್ದುದನ್ನು ಬಾಚಿ ಎಸೆದರೆ ಹೇಗೆ?

ಪ್ರೋಗ್ರಾಂ ಬರೆಯುವವರಿಗೆಂದು ಇರುವ ಸಿದ್ಧ ಆಜ್ಞೆಗಳ ಲೈಬ್ರರಿಯಲ್ಲಿ ಇದಕ್ಕೆಂದೇ 'ಇಂಡೆಕ್ಸ್ ಆಡ್' ಎಂಬುದುಂಟು. ಒಂದೇ ಜಾಗದ ಹೆಸರು ಎಷ್ಟು ಸಲ ಬಂದರೂ ಅಷ್ಟನ್ನೂ ಸೇರಿಸುತ್ತದೆ. ಒಂದು ಸಾಲು ಬದಲಿಸಿದೆ. ನೆರಿಯ ನೂರ ಅರವತ್ತೆರಡಾಯಿತು. ಸಂಜೆಗೆ ಹೊಳೆ ಅಂಗಡಿಯ ಬಾಗಿಲು ದಾಟುತ್ತದೆ ಎಂದಿತು ಪ್ರೋಗ್ರಾಂ.

ಕಾಲೇಜಿಗೆ ರಜೆ ಹೇಳಿ ಕೆಳಗೆ ಓಡಿದೆ. ಟೈಲರ್ ಮೊದಲ ಮಷೀನಿಗೆ ಕೈಹಾಕಿ, "ಹಿಡಿಯಿರಿ ಮಾರಾಯ್ರೆ" ಎಂದರು. ಮಧ್ಯಾಹ್ನದೊಳಗೆ ನಾಲ್ಕು ಹೊಲಿಗೆ ಮಷೀನು, ಬಟ್ಟೆಯ ಗಂಟುಗಳೆಲ್ಲ ನಮ್ಮ ಮಾಳಿಗೆಯ ಚಾವಡಿಗೆ ಬಂದವು. ಸಂಜೆ ಐದಕ್ಕೆ ಅಂಗಡಿಯಲ್ಲಿ ಮೊಣಕಾಲು ನೀರು. ಮೇಲೆ ಒಂದು ಮದುಮಗಳ ರವಿಕೆಗೆ ಅವರು ಕೊಕ್ಕೆ ಹಾಕುತ್ತಿದ್ದರು.

ನೆರಿಯಕ್ಕೆ ಫೋನ್ ಮಾಡಿ ಬಟ್ಟೆ ಉಳಿದದ್ದನ್ನು ಹೇಳಿದೆ, ಕ್ಷಮೆ ಕೇಳಿದೆ. "ಬೆಳಿಗ್ಗೆ ನಾನು ಅಷ್ಟು ಒರಟಾಗಿ ಫೋನ್ ಇಟ್ಟೆ. ಆದರೂ ಮತ್ತೆ ಮಾಡಿದಿರಲ್ಲ ಟೀಚರ್?"

"ಏನು ಮಾಡುವುದು ಸರ್, ನೀವು ಫೋನ್ ಇಟ್ಟರೂ ನೀರು ಆಗಲೇ ನಿಮ್ಮಲ್ಲಿಗೆ ಹೊರಟಾಗಿತ್ತಲ್ಲ" ಎಂದರು.