ಫ್ರಿಜ್ಜಿನಲ್ಲಿ ಮೊಳೆತ ಹೆಲೆಬೋರ್

ಸ್ಕಾಟ್ಲೆಂಡಿನಲ್ಲಿ ಆರು ವರ್ಷ ಇದ್ದು ಬಂದವರಿಗೆ ಕತಾರಿನಲ್ಲಿ ಏನೂ ಹಿಡಿಸಬಾರದು ಎಂಬ ನಿಯಮವೇನಾದರೂ ಇದೆಯೋ ಏನೋ. ನನ್ನ ಗಂಡನ ಮ್ಯಾನೇಜರರ ಹೆಂಡತಿಯನ್ನು ನೋಡಿದಾಗಲೆಲ್ಲ ನನಗೆ ಹಾಗೆ ಅನಿಸುತ್ತಿತ್ತು. ಅವರು ಬೆಂಗಳೂರಿನವರು. ಮನೆ ದೋಹಾದ ಅಲ್ ಅಜೀಜಿಯಾದಲ್ಲಿ, ದೊಡ್ಡ ವಿಲ್ಲಾ. ಹೊರಗೆ ಕಾಲಿಟ್ಟರೆ ಚಪ್ಪಲಿಯ ಅಡಿ ಕರಗುವಂಥ ಜುಲೈಯಲ್ಲೂ ಎಸಿಯನ್ನು ಹದಿನಾರಕ್ಕೆ ಇಟ್ಟು, ಉಣ್ಣೆಯ ಸ್ವೆಟರ್ ಹಾಕಿಕೊಂಡು ಕೂತು, "ಅಲ್ಲಿಯ ಚಳಿಯ ಮಜಾನೇ ಬೇರೆ ರೀ" ಎನ್ನುತ್ತಿದ್ದರು. ನಾವು ಅತಿಥಿಗಳು ಹತ್ತಿ ಸೀರೆಯಲ್ಲಿ ನಡುಗುತ್ತ ಹೌದು ಹೌದು ಅನ್ನುತ್ತಿದ್ದೆವು.

ಹೌದು ಅನ್ನದೆ ಉಪಾಯವಿರಲಿಲ್ಲ. ಶುಕ್ರವಾರ ಸಂಜೆಯ ಅವರ ಗಾರ್ಡನ್ ಗ್ರೂಪಿಗೆ ಬರುತ್ತಿದ್ದ ಕನ್ನಡದ ಹೆಂಗಸರಲ್ಲಿ ಹೆಚ್ಚಿನವರ ಗಂಡಂದಿರು ಆ ಮ್ಯಾನೇಜರರ ಕೈಕೆಳಗೇ ಇದ್ದವರು. ನಮಗೆ ಗಿಡದ ಮೇಲೆ ಪ್ರೀತಿ ಇರಲಿಲ್ಲವೆಂದಲ್ಲ. ಅಲ್ ಥುಮಾಮಾದ ನಮ್ಮ ಫ್ಲ್ಯಾಟಿನ ಬಾಲ್ಕನಿಯಲ್ಲಿ ನನ್ನ ಬಸಳೆ ಗ್ರಿಲ್ಲಿಗೆ ಹಬ್ಬಿ ಪಕ್ಕದ ಮನೆಯವರ ಬಟ್ಟೆ ಒಣಗಿಸುವ ಹಗ್ಗಕ್ಕೂ ಕೈ ಚಾಚಿತ್ತು. ಅದರ ಫೋಟೋ ತೋರಿಸಿದಾಗ ಮೇಡಂ ಅಂದದ್ದು ಇಷ್ಟೇ: "ಚೆನ್ನಾಗಿದೆ. ಆದ್ರೆ ಇದು ಅಡುಗೆ ರೀ, ಗಾರ್ಡನ್ ಅಲ್ಲ."

ಒಂದು ಬೇಸಿಗೆಯ ರಜೆಯಲ್ಲಿ ಅವರು ಸ್ಕಾಟ್ಲೆಂಡಿಗೆ ಹೋಗಿ ಹಳೆಯ ಸ್ನೇಹಿತರನ್ನು ನೋಡಿಕೊಂಡು ಬಂದರು. ಸೆಪ್ಟೆಂಬರಿನ ಮೊದಲ ಸಭೆಯಲ್ಲಿ ನಮಗೆಲ್ಲ ಒಂದೊಂದು ಸಣ್ಣ ಕಾಗದದ ಪೊಟ್ಟಣ ಹಂಚಿದರು. ಒಳಗೆ ಎಳ್ಳಿಗಿಂತ ದೊಡ್ಡ, ಕಾಳುಮೆಣಸಿಗಿಂತ ಸಣ್ಣ, ಮಿರುಗುವ ಕಪ್ಪು ಬೀಜ.

"ಹೆಲೆಬೋರ್. ಹಿಮದಲ್ಲಿ ಅರಳೋ ಹೂವು ಇದು. ತಲೆ ತಗ್ಗಿಸಿಕೊಂಡೇ ಇರುತ್ತೆ. ನಾವೇ ಬಗ್ಗಿ, ಗಲ್ಲ ಹಿಡಿದು ಎತ್ತಿ ನೋಡಬೇಕು" ಎಂದರು.

ಅದು ಯಾಕೆ ಅವರಿಗೆ ಅಷ್ಟು ಇಷ್ಟ ಎಂದು ನನಗೆ ಆಗಲೇ ಗೊತ್ತಾಯಿತು. ಎದುರಿನವರನ್ನು ಬಗ್ಗಿಸುವ ಹೂವು.

"ಬೆಳೆಸೋದು ಹೇಗೆ ಮೇಡಂ?" ಎಂದು ಯಾರೋ ಕೇಳಿದರು.

"ಪಾಟ್‌ಗೆ ಹಾಕಿ ನೀರು ಕೊಡಿ. ಡಿಸೆಂಬರಲ್ಲಿ ಇಲ್ಲೂ ಸ್ವಲ್ಪ ಥಂಡಿ ಇರುತ್ತಲ್ಲ, ಬರುತ್ತೆ. ಫೆಬ್ರವರಿಯಲ್ಲಿ ಎಲ್ಲರೂ ತಂದು ತೋರಿಸಿ."

ಮನೆಗೆ ಬಂದು ಪೊಟ್ಟಣವನ್ನು ಕಸದ ಬುಟ್ಟಿಗೆ ಹಾಕಹೊರಟವಳ ಕೈಯನ್ನು ಗಂಡ ಹಿಡಿದುಕೊಂಡರು. "ಒಂದು ಚಟ್ಟಿಯಲ್ಲಿ ಹಾಕಿಡು ಮಾರಾಯ್ತಿ. ನಿನ್ನದು ಎಂತ ಹೋಗ್ತದೆ?"

"ನನ್ನದು ಎಂತದೂ ಹೋಗುದಿಲ್ಲ. ನಿಮ್ಮ ಪ್ರಮೋಶನ್ ಹೋಗ್ತದೆ ಅಂತ ನಿಮಗೆ ಹೆದರಿಕೆ."

ಅವರು ಟಿವಿ ಹಾಕಿದರು.

ನಾನು ಆ ಬೀಜಗಳನ್ನು ಉಳಿಸಿಕೊಂಡದ್ದು ಪ್ರಮೋಶನ್ನಿಗಾಗಿ ಅಲ್ಲ. ಈ ಊರಿನಲ್ಲಿ ಇದು ಹುಟ್ಟುವುದೇ ಇಲ್ಲ ಎಂದು ಆಧಾರಸಮೇತ ಹೇಳಿ, ಆ ಹೆಂಗಸಿನ ಬಾಯಿ ಒಮ್ಮೆ ಮುಚ್ಚಿಸಬೇಕಿತ್ತು. ಅದಕ್ಕಾಗಿ ಫೋನಿನಲ್ಲಿ ಹುಡುಕಿದೆ. ಚಳಿದೇಶದ ಅಜ್ಜಂದಿರು ತಮ್ಮ ತೋಟದಲ್ಲಿ ನಿಂತು ವಿವರಿಸುವ ವಿಡಿಯೋಗಳು ಬೇಕಾದಷ್ಟು ಸಿಕ್ಕಿದವು. ಈ ಬೀಜಕ್ಕೆ ಮೊದಲು ಒದ್ದೆಯಾದ ಬೆಚ್ಚನೆಯ ಕಾಲ ಬೇಕು, ಆಮೇಲೆ ಒದ್ದೆಯಾದ ಗಟ್ಟಿ ಚಳಿ ಬೇಕು. ಎರಡೂ ಕಳೆದ ಮೇಲೆಯೇ ಅದಕ್ಕೆ ಮೊಳೆಯುವ ಮನಸ್ಸು. ಒಣಗಿದ ಬೀಜವಾದರೆ ಇನ್ನೂ ಹಟ. ದೋಹಾದ ಡಿಸೆಂಬರ್ ಅದರ ಲೆಕ್ಕದಲ್ಲಿ ಚಳಿಗಾಲವೇ ಅಲ್ಲ. ಇನ್ನೊಂದು ಸಂಗತಿಯೂ ಗೊತ್ತಾಯಿತು. ಬೇರಿನಿಂದ ಬೀಜದವರೆಗೆ ಇಡೀ ಗಿಡ ವಿಷ.

ಮಕ್ಕಳಿರುವ ಮನೆಗಳಿಗೆಲ್ಲ ವಿಷ ಹಂಚಿ, ಒಂದು ಮಾತು ಹೇಳಲಿಲ್ಲವಲ್ಲ! ಮುಂದಿನ ಸಭೆಯಲ್ಲಿ ಕೇಳಿಯೇಬಿಟ್ಟೆ. ಮೇಡಂ ಚಹಾದ ಕಪ್ ಕೆಳಗಿಟ್ಟು ನಕ್ಕರು. "ಅದು ಎಲ್ಲರಿಗೂ ಗೊತ್ತಿರೋದೇ ಅಲ್ವಾ ಡಿಯರ್? ಗಾರ್ಡನ್ ಗಿಡಾನ ಯಾರು ತಿಂತಾರೆ?" ಉಳಿದವರೂ ನಕ್ಕರು. ಅವರಲ್ಲಿ ಒಬ್ಬರಿಗಾದರೂ ಗೊತ್ತಿದ್ದರೆ ನನ್ನ ಹೆಸರು ಬದಲಾಯಿಸಿ.

ಅಜ್ಜಂದಿರು ಹೇಳಿದ ಹಾಗೆಯೇ ಮಾಡಿದರೂ ಹುಟ್ಟಲಿಲ್ಲ ಎಂದು ತೋರಿಸಲು ಬೀಜಗಳನ್ನು ನೆನೆಹಾಕಿ, ಒದ್ದೆ ಕೋಕೋಪೀಟಿನಲ್ಲಿ, ಅಂದರೆ ತೆಂಗಿನ ನಾರಿನ ಪುಡಿಯಲ್ಲಿ ಬೆರೆಸಿ, ಹಳೆಯ ಮೊಸರಿನ ಡಬ್ಬಿಗೆ ತುಂಬಿ ಅಡುಗೆಮನೆಯ ಕಪಾಟಿನ ಮೇಲಿಟ್ಟೆ. ನವೆಂಬರಿನಲ್ಲಿ ಅದನ್ನು ಫ್ರಿಜ್ಜಿನ ತರಕಾರಿ ಖಾನೆಗೆ ಸಾಗಿಸಿದೆ. ಮುಚ್ಚಳದ ಮೇಲೆ ಕೆಂಪು ಮಾರ್ಕರಿನಲ್ಲಿ 'ವಿಷ' ಎಂದು ಬರೆದೆ. ಅಂದಿನಿಂದ ಗಂಡ ಆ ಖಾನೆಯಿಂದ ಒಂದು ಹಸಿಮೆಣಸು ತೆಗೆಯಲೂ ನನ್ನನ್ನೇ ಕರೆಯತೊಡಗಿದರು. ವಾರಕ್ಕೊಮ್ಮೆ ಮುಚ್ಚಳ ತೆರೆದು ನೋಡುತ್ತಿದ್ದೆ, ಸತ್ತಿದೆ ಎಂದು ಖಾತ್ರಿ ಮಾಡಿಕೊಳ್ಳಲು.

ಗ್ರೂಪಿನ ವಾಟ್ಸಾಪಿನಲ್ಲಾದರೋ ಸಂಭ್ರಮ. ಒಬ್ಬರ ಬೀಜ "ಊದಿಕೊಂಡಿದೆ". ಇನ್ನೊಬ್ಬರದು "ಬಿರುಕು ಬಿಟ್ಟ ಹಾಗಿದೆ ಮೇಡಂ". ಮತ್ತೊಬ್ಬಳು ಮಣ್ಣು ತುಂಬಿದ ಪಾಟಿನ ಫೋಟೋ ಹಾಕಿ ಕೈಮುಗಿಯುವ ಚಿತ್ರ ಅಂಟಿಸಿದ್ದಳು. ಸುಳ್ಳಿಗೂ ಒಂದು ಮರ್ಯಾದೆ ಬೇಡವೇ?

ಜನವರಿಯ ಕೊನೆಯ ವಾರ ಮುಚ್ಚಳ ತೆರೆದವಳು "ಅಯ್ಯೋ ದೇವರೇ!" ಎಂದು ಕೂಗಿದೆ. ಗಂಡ ಓಡಿಬಂದು "ಗ್ಯಾಸಾ?" ಎಂದರು. ಗ್ಯಾಸಲ್ಲ. ಕಪ್ಪು ಸಿಪ್ಪೆ ಸೀಳಿಕೊಂಡು ಬೆಳ್ಳಗಿನ ಬೇರೊಂದು ಹೊರಗೆ ಬಂದಿತ್ತು. ಮತ್ತೊಂದು ವಾರದಲ್ಲಿ ನಾಲ್ಕಾದವು. ನನ್ನ ವಾದವೇ ಬಿದ್ದುಹೋಗಿತ್ತು. ಆದರೂ ಆ ನಾಲ್ಕನ್ನು ಒಂದೊಂದಾಗಿ ಚಮಚದಿಂದ ಎತ್ತಿ, ಬೇರು ಮುರಿಯದ ಹಾಗೆ ಪಾಟಿಗೆ ಇಳಿಸಿದೆ.

ಫೆಬ್ರವರಿಯ ಸಭೆಗೆ ಹೊರಟಾಗ ನಾಲ್ಕಕ್ಕೂ ಎರಡೆರಡು ಮೊಳಕೆಯೆಲೆ ಬಂದಿದ್ದವು. ಗ್ರೂಪಿಗೆ ದೂರದ ಅಲ್ ಖೋರಿನಿಂದ ಬರುತ್ತಿದ್ದ ಗೆಳತಿ ಅಂದು ನಮ್ಮ ಕಾರಿನಲ್ಲೇ ಇದ್ದಳು. ಅವಳ ಮಡಿಲಿನಲ್ಲೂ ಒಂದು ಪಾಟು. ಅದರ ತುಂಬ ದಟ್ಟವಾಗಿ, ಉತ್ಸಾಹದಿಂದ ಹಸಿರು ಎದ್ದಿತ್ತು. ನಾನು ಬೆಪ್ಪಾದೆ.

"ನಿನ್ನದು ಇಷ್ಟು ಚಂದ ಹೇಗೆ ಬಂತು?"

ಅವಳು ಮುಂದೆ ಕೂತ ನನ್ನ ಗಂಡನನ್ನೊಮ್ಮೆ ನೋಡಿ ದನಿ ತಗ್ಗಿಸಿದಳು. "ಮೂಲಂಗಿ ಮಾರಾಯ್ತಿ. ಅವರು ಕೊಟ್ಟ ಬೀಜ ಕೊಳೆತು ಹೋಯ್ತು. ಬರೀ ಕೈಯಲ್ಲಿ ಹೋಗುದು ಹೇಗೆ? ಹತ್ತು ದಿನದ ಹಿಂದೆ ಒಂದು ಮುಷ್ಟಿ ಮೂಲಂಗಿ ಬೀಜ ಎರಚಿದೆ."

ಗಂಡನಿಗೆ ಕೆಮ್ಮು ಬಂದು, ಕಾರು ಸಿಗ್ನಲ್ ದಾಟುವವರೆಗೂ ನಿಲ್ಲಲಿಲ್ಲ.

ಮೇಡಂ ಮೇಜಿನ ಮೇಲಿಟ್ಟ ಪಾಟುಗಳನ್ನು ಒಂದೊಂದಾಗಿ ಪರೀಕ್ಷಿಸಿದರು. ಬರೀ ಮಣ್ಣಿನ ಪಾಟುಗಳಿಗೆ ಸಮಾಧಾನ ಹೇಳಿದರು. ಮೂಲಂಗಿಯ ಮುಂದೆ ಬಂದು ಎರಡೂ ಕೈ ಎದೆಗೆ ಒತ್ತಿಕೊಂಡರು. "ನೋಡಿ! ಹೀಗೇ ಬರೋದು ಅಲ್ಲಿ. ಎಕ್ಸಾಕ್ಟ್ಲಿ ಹೀಗೆ." ಆಮೇಲೆ ನನ್ನ ನಾಲ್ಕು ಸಸಿಗಳತ್ತ ಬಗ್ಗಿದರು. "ಇದು ಯಾವುದೋ ಕಳೆ ಡಿಯರ್. ಕಿತ್ತುಬಿಡಿ. ಕೋಕೋಪೀಟ್ ಜೊತೆ ಬಂದಿರಬೇಕು."

ನಾನು ಬಾಯಿ ತೆರೆದೆ. ಬಾಗಿಲ ಬಳಿ ನಿಂತ ಗಂಡ ಕಣ್ಣಲ್ಲೇ ಬೇಡಿದರು. ಗೆಳತಿ ನೆಲ ನೋಡುತ್ತಿದ್ದಳು. ನಾನು ಸತ್ಯ ಹೇಳಿದರೆ ಮೊದಲು ಮುಳುಗುವವಳು ಅವಳೇ. ತೆರೆದ ಬಾಯಿಗೆ ಒಂದು ಬಿಸ್ಕತ್ತು ಹಾಕಿಕೊಂಡೆ. ಮೂಲಂಗಿಯ ಪಾಟನ್ನು ಮೇಡಂ ಕೇಳಿ ಇಟ್ಟುಕೊಂಡರು, ತಮ್ಮ ತಣ್ಣನೆಯ ಡ್ರಾಯಿಂಗ್ ರೂಮಿನಲ್ಲಿ, ಬಂದವರಿಗೆಲ್ಲ ಕಾಣುವ ಹಾಗೆ.

ಮೂಲಂಗಿ ಎಷ್ಟು ದಿನ ಗುಟ್ಟು ಕಾಯುತ್ತದೆ? ಮಾರ್ಚಿನಲ್ಲಿ ಅದರ ಬೆಳ್ಳನೆಯ ಭುಜ ಮಣ್ಣಿನ ಮೇಲೆ ಎದ್ದಿರಬೇಕು. ಗ್ರೂಪಿನಲ್ಲಿ ಹೆಲೆಬೋರಿನ ಮಾತು ಒಮ್ಮೆಲೇ ನಿಂತಿತು. ಮುಂದಿನ ಶುಕ್ರವಾರದ ವಿಷಯ ಅಡುಗೆಮನೆಯ ಕಸದಿಂದ ಗೊಬ್ಬರ.

ಅದಾಗಿ ಕೆಲವು ದಿನಕ್ಕೆ ಮೇಡಂ ನಮ್ಮ ಫ್ಲ್ಯಾಟಿಗೆ ಬಂದರು, ಒಬ್ಬರೇ, ಹೇಳದೆ ಕೇಳದೆ. ಅದು ಮಧ್ಯಾಹ್ನ. ನಾನು ನೈಟಿಯಲ್ಲಿದ್ದೆ. "ಆ ಕಳೆ ಇನ್ನೂ ಇದೆಯಾ?" ಎಂದು ಕೇಳಿದರು.

ಉತ್ತರದ ಕಿಟಕಿಯ ಬಳಿ ನಾಲ್ಕೂ ಇದ್ದವು. ಆ ಹೊತ್ತಿಗೆ ಅವುಗಳಿಗೆ ನಿಜವಾದ ಎಲೆ ಮೂಡಿತ್ತು, ಮೂರು ಸೀಳಾಗಿ, ಅಂಚಿನಲ್ಲಿ ಗರಗಸದ ಹಲ್ಲಿನೊಂದಿಗೆ. ಅವರು ಕಾಲು ಮಡಚಿ ನೆಲದ ಮೇಲೆ ಕೂತೇಬಿಟ್ಟರು. ಒಂದು ಎಲೆಯ ಅಂಚನ್ನು ಬೆರಳಿನಿಂದ ಸವರಿದರು.

"ಬೀಜದಿಂದ ಬಂದದ್ದನ್ನ ನಾನು ನೋಡೇ ಇರಲಿಲ್ಲ," ಎಂದರು ಕೊನೆಗೆ. "ಅಲ್ಲಿ ತೋಟ ನಮ್ಮದಲ್ಲ. ಕೆಳಗಿನ ಮನೆಯ ಮುದುಕಿಯದು. ನಾನು ಮೇಲಿನ ಕಿಟಕಿಯಿಂದ ನೋಡ್ತಿದ್ದೆ. ಆರು ವರ್ಷ ನೋಡಿದ್ದೆ ಅಷ್ಟೇ."

ಆಗ ನನಗೆ ಅಯ್ಯೋ ಅನಿಸಿತು, ಒಂದು ಲೋಟ ಚಹಾದಷ್ಟು ಹೊತ್ತು. ಆ ಕರುಣೆಯಲ್ಲೇ ನಾಲ್ಕರಲ್ಲಿ ಎರಡು ಸಸಿ ಕೊಟ್ಟೆ. ಅವರ ಮನೆಯ ಚಳಿಯಲ್ಲಾದರೂ ಬದುಕಲಿ ಎಂದೂ ಇತ್ತು. ನನ್ನ ಬಳಿ ಉಳಿದ ಎರಡು ಜೂನ್ ದಾಟಲಿಲ್ಲ. ಕಿಟಕಿಯ ಗಾಜೇ ದೋಸೆಯ ಕಾವಲಿಯಾಗಿತ್ತು. ಎಸಿಯ ತಂಪಿಗೆಂದು ಹಾಸಿಗೆಯ ಪಕ್ಕಕ್ಕೆ ತಂದಿಟ್ಟೆ, ಬುಡ ಕೊಳೆಯಿತು. "ಖಲಾಸ್, ಬಿಡು," ಎಂದರು ಗಂಡ.

ಜುಲೈಯಲ್ಲಿ ಗ್ರೂಪಿಗೆ ಒಂದು ಫೋಟೋ ಬಂತು. ಬಿಳಿ ಪಿಂಗಾಣಿ ಕುಂಡದಲ್ಲಿ ಎರಡು ಹೆಲೆಬೋರ್, ಅಂಗೈಯಗಲದ ಎಲೆಗಳು. ಕೆಳಗೆ, 'ದೋಹಾದಲ್ಲಿ ಬೀಜದಿಂದ ಬೆಳೆಸಿದ್ದು. ತಾಳ್ಮೆ ಇದ್ದರೆ ಎಲ್ಲ ಸಾಧ್ಯ.' ಹೃದಯಗಳೂ ಚಪ್ಪಾಳೆಗಳೂ ಸಾಲುಗಟ್ಟಿದವು. ಅಲ್ ಖೋರಿನ ಗೆಳತಿಯೂ ಒಂದು ಹೆಬ್ಬೆರಳು ಹಾಕಿದ್ದಳು.

ನಾನು ಫೋಟೋ ದೊಡ್ಡದು ಮಾಡಿ ನೋಡಿದೆ. ಒಂದು ಎಲೆಯ ಅಂಚು ಕಂದಾಗಿತ್ತು. ಎಸಿಯ ಗಾಳಿ ನೇರ ಬಡಿಯುತ್ತಿದೆ, ಆಚೆ ಸರಿಸಿ ಎಂದು ಅವರೊಬ್ಬರಿಗೇ ಬರೆದೆ. ಕೂಡಲೇ ಉತ್ತರ ಬಂತು: 'ಥ್ಯಾಂಕ್ಸ್ ಡಿಯರ್. ಇವನ್ನು ನಾನು ಸ್ಕಾಟ್ಲೆಂಡಿನಲ್ಲಿ ವರ್ಷಗಟ್ಟಲೆ ನೋಡಿಕೊಂಡಿದ್ದೇನೆ.'

ರಜೆ ಮುಗಿದು ಎಲ್ಲರೂ ಸೇರುವಷ್ಟರಲ್ಲಿ ಆ ಪಿಂಗಾಣಿ ಕುಂಡದಲ್ಲಿ ಪ್ಲಾಸ್ಟಿಕ್ ಆರ್ಕಿಡ್ ನಿಂತಿತ್ತು. ನನಗೆ ಆ ದಿನ ಸಂತೋಷವಾಗಬೇಕಿತ್ತು, ಆಗಲಿಲ್ಲ. ಕೊಟ್ಟ ಆ ಎರಡು ಸಸಿ ನೆನಪಾದವು. ಆ ಹೆಂಗಸಿನ ಮನೆಯಲ್ಲಿ ಕೂತು, ಅವರ ಬಿಸ್ಕತ್ತು ತಿನ್ನುತ್ತ, ಒಂದು ಗಿಡಕ್ಕಾಗಿ ಅಳು ನುಂಗಬೇಕಾಯಿತಲ್ಲ ಎಂದು ಅವರ ಮೇಲೆ ಇನ್ನಷ್ಟು ಸಿಟ್ಟು ಬಂತು.