ಬಾಗಿಲ ಬಲತೋಳು

ನಮ್ಮ ಅತ್ತೆಯವರ ಬಲಗೈ ನಡುಬೆರಳಿನ ಗೆಣ್ಣು ಕಪ್ಪಗೆ ಜಡ್ಡುಗಟ್ಟಿತ್ತು. ಕಂಡದ್ದನ್ನೆಲ್ಲ ಅದರಿಂದ ಕುಟ್ಟಿ ನೋಡುವುದು ಅವರ ಚಟ. ಸಂತೆಯ ಗಡಿಗೆ, ಪಡಸಾಲೆಯ ಕಂಬ, ಕುಂಬಳಕಾಯಿ, ಯಾವುದನ್ನೂ ಬಿಟ್ಟವರಲ್ಲ. ಕುಟ್ಟಿ, ತಲೆ ವಾರೆ ಮಾಡಿ ಸಪ್ಪಳ ಕೇಳಿ, ಗಟ್ಟಿಯೋ ಪೊಳ್ಳೋ ಹೇಳಿಬಿಡುತ್ತಿದ್ದರು. ನಾನು ಮದುವೆಯಾಗಿ ಆಳಂದದಿಂದ ಅಂದೋಲಾಕ್ಕೆ ಬಂದ ಮರುದಿನ ನನ್ನ ನೆತ್ತಿಯ ಮೇಲೂ ಆ ಗೆಣ್ಣು ಮೆಲ್ಲಗೆ ಬಿತ್ತು. ಗಟ್ಟಿ ಎನ್ನಲಿಲ್ಲ, ಪೊಳ್ಳು ಎನ್ನಲಿಲ್ಲ. ಸುಮ್ಮನೆ ನಕ್ಕು ಅಡುಗೆಮನೆಗೆ ಹೋದರು. ನನ್ನ ಗಲಿಬಿಲಿ ಅಲ್ಲಿಂದಲೇ ಶುರುವಾಯಿತು.

ಆಗ ನಮ್ಮ ಕಡೆ ನಿಜಾಮರ ರಾಜ್ಯ. ಮಾವನವರು ಜೇವರ್ಗಿಯ ಕಚೇರಿಯಲ್ಲಿ ಉರ್ದು ಕಾಗದ ಬರೆಯುತ್ತಿದ್ದರು. ಅವರ ಉರ್ದು ನನಗೆ ತಿಳಿಯುತ್ತಿರಲಿಲ್ಲ, ಅದು ಸಹಜ. ಅತ್ತೆಯವರ ಕನ್ನಡವೂ ತಿಳಿಯುತ್ತಿರಲಿಲ್ಲ, ಅದೇ ಕಷ್ಟ. ಅವರು ತಾವು ನಿಂತಲ್ಲಿಂದಲೇ ಲೋಕವನ್ನೆಲ್ಲ ನೋಡುವವರು. ಒಲೆಯ ಮುಂದೆ ಕೂತು "ಆಚಿ ಕೋಣ್ಯಾಗಿಂದು ತಾ" ಎನ್ನುವರು. ನಾನು ಹಿತ್ತಲಲ್ಲಿರುವೆ. ನನ್ನ ಆಚೆ ಯಾವುದು, ಅವರ ಆಚೆ ಯಾವುದು? ಬೇಳೆ ಕೇಳಿದರೆ ಬೆಲ್ಲ ಹೊತ್ತು ತಂದು ನಿಲ್ಲುತ್ತಿದ್ದೆ. ಅವರು ಬಯ್ಯುತ್ತಿರಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು, ಮನಸ್ಸಿನಲ್ಲಿ ಏನಿದೆಯೆಂದು ತಿಳಿಯುತ್ತಿತ್ತು.

ಆ ಬೇಸಿಗೆಯಲ್ಲಿ ತಲೆಬಾಗಿಲ ಚೌಕಟ್ಟನ್ನು ಕುಟ್ಟಿದ ಅತ್ತೆಯವರು ಹಾಗೇ ನಿಂತುಬಿಟ್ಟರು. ಚೌಕಟ್ಟಿನ ಎರಡು ಬದಿಯ ನಿಲುವು ಮರಕ್ಕೆ ನಾವು ತೋಳು ಎನ್ನುತ್ತೇವೆ. ಒಂದು ತೋಳಿನ ಬುಡ ಒಳಗೊಳಗೇ ಕೊಳೆತಿತ್ತು. ಮೇಲೆ ದಪ್ಪ ಬಣ್ಣ ಬಳಿದಿದ್ದರಿಂದ ಕಣ್ಣಿಗೆ ಎರಡೂ ಒಂದೇ. ಬಡಿಗನಿಗೆ ಹೇಳಿಕಳಿಸಿದರು. ಅವನು ಬರುವ ದಿನವೇ ಅವರು ಕೊಳಕೂರಿನ ತಮ್ಮನ ಮನೆಗೆ ಕೂಸನ್ನು ತೊಟ್ಟಿಲಿಗೆ ಹಾಕುವ ಕಾರ್ಯಕ್ಕೆ ಹೋಗಬೇಕಾಯಿತು. ಹೊಸ್ತಿಲ ಒಳಗೆ ನಿಂತು ಸೆರಗು ಸರಿಮಾಡಿಕೊಳ್ಳುತ್ತ, "ಬಲಕಿನ ತೋಳು ಮೆತ್ತಗಾಗ್ಯಾದ. ಬುಡ ಕೊಯ್ದು ಹೊಸ ತುಂಡ ಕೂಡಸಂತ ಹೇಳು" ಎಂದು ಬಂಡಿ ಹತ್ತಿದರು.

ಬಡಿಗ ಬಂದು ಯಾವ ತೋಳು ಎಂದು ಕೇಳಿದ. ನಾನು ಕಣ್ಣುಮುಚ್ಚಿ ಬಾಗಿಲನ್ನು ನೆನೆದೆ. ನೆನಪಿಗೆ ಬಂದದ್ದು ಮನೆ ತುಂಬಿಸಿಕೊಂಡ ದಿನ. ಹೊರಗೆ ನಿಂತಿದ್ದೆ, ಬಲಗಾಲು ಮುಂದಿಟ್ಟಿದ್ದೆ, ಆ ಕಾಲಿನ ಪಕ್ಕದಲ್ಲಿದ್ದ ತೋಳೇ ಬಲದ್ದು. ಅದನ್ನೇ ತೋರಿಸಿದೆ. ಅವನೂ ಉಳಿ ಚುಚ್ಚಿ ನೋಡಲಿಲ್ಲ. ಅವ್ವನವರು ಕುಟ್ಟಿ ಹೇಳಿದ ಮೇಲೆ ಮತ್ತೇನು ನೋಡುವುದು ಎಂದ. ಮೇಲಿನ ಮರಕ್ಕೆ ಆಸರೆ ಕೊಟ್ಟು, ಬುಡವನ್ನು ಓರೆಯಾಗಿ ಕೊಯ್ದ. ಉದುರಿದ ಹೊಟ್ಟು ಒಣಗಿ ಘಮ್ಮೆನ್ನುತ್ತಿತ್ತು, ತುಂಡು ಕಲ್ಲಿನಂತಿತ್ತು. ಅವನು ನನ್ನ ಮುಖ ನೋಡಿದ, ನಾನು ಅವನ ಮುಖ ನೋಡಿದೆ. ಮಳೆಗಾಲದಲ್ಲಿ ಮಾಳಿಗೆಯ ನೀರು ಯಾವ ತೋಳಿನ ಮೇಲೆ ಬೀಳುತ್ತದೆಂದು ಗೊತ್ತಾಗಲು ಆ ಮನೆಯಲ್ಲಿ ನಾನಿನ್ನೂ ಒಂದು ಮಳೆಗಾಲವನ್ನೂ ಕಂಡಿರಲಿಲ್ಲ.

ಎದುರುಮನೆಯವಳು ಕಟ್ಟೆಯ ಮೇಲಿಂದಲೇ ನೋಡಿದಳು. ಹೊಸ ಸೊಸೆ ಕಾಲಿಟ್ಟಳು, ಮನೆಯ ಗಟ್ಟಿ ತೋಳು ಹೋಯಿತು ಎಂದಳು. ಆ ಮಾತು ಸಂಜೆಯೊಳಗೆ ಮಾವನವರ ಕಿವಿಗೆ ಬಿದ್ದರೆ ಈ ಮನೆಯಲ್ಲಿ ನಾನು ಜನ್ಮವಿಡೀ ಕಾಲ್ಗುಣ ಕೆಟ್ಟವಳೇ. ಆಳಂದಕ್ಕೆ ಕಳಿಸಿಬಿಡುತ್ತಾರೇನೋ ಎಂದೂ ಅನಿಸಿತು.

ಮಾವನವರಿಗಿಂತ ಮೊದಲು ಅತ್ತೆಯವರ ಬಂಡಿ ಬಂತು. ಕೊಯ್ದ ತೋಳನ್ನು ನೋಡಿದರು, ಇನ್ನೊಂದನ್ನು ಕುಟ್ಟಿದರು. ನನ್ನನ್ನು ಹೊರಗೆ ಮೆಟ್ಟಿಲ ಮೇಲೆ ನಿಲ್ಲಿಸಿ, ತಾವು ಹೊಸ್ತಿಲ ಒಳಗೆ ನನಗೆ ಎದುರಾಗಿ ನಿಂತು, ಬಲಗೈ ಚಾಚೆಂದರು. ನಾನು ಚಾಚಿದೆ, ಅವರೂ ಚಾಚಿದರು. ನನ್ನ ಕೈ ಕೊಯ್ದ ತೋಳಿಗೆ ಮುಟ್ಟಿತು, ಅವರ ಕೈ ಕೊಳೆತದ್ದಕ್ಕೆ.

"ನೀ ಇನ್ನಾ ಹೊರಗ ನಿಂತು ನೋಡಾಕತ್ತೀದಿ ಬೇ," ಎಂದರು. "ನಾ ಒಳಗಿಂದ ಹೇಳಿದ್ದು."

ಅಷ್ಟರಲ್ಲಿ ಮಾವನವರು ಬಂದು, ಗಟ್ಟಿ ಮರ ಯಾಕೆ ಕೊಯ್ಸಿದಿರಿ ಎಂದು ದನಿ ಏರಿಸಿದರು. ಎದುರುಮನೆಯವಳು ಇನ್ನೂ ಕಟ್ಟೆಯ ಮೇಲೇ ಇದ್ದಳು. ಅತ್ತೆಯವರು ಅವಳಿಗೂ ಕೇಳುವಂತೆ, "ಎರಡೂ ತೋಳ ಮಾಡಸಂತ ನಾನಽ ಹೇಳೇನಿ. ಒಂದ ಹೊಸದು ಒಂದ ಹಳೇದು ಇದ್ರ ಬಾಗಲಾ ಕುಂಟತದ್ರಿ" ಎಂದರು. ಮಾವನವರು ನಂಬಿದರೋ ಬಿಟ್ಟರೋ, ಟೋಪಿ ತೆಗೆದು ಒಳಗೆ ಹೋದರು. ಬಡಿಗ ಎರಡೂ ಬುಡಕ್ಕೆ ಹೊಸ ತುಂಡು ಕೂಡಿಸಿ, ಮರದ ಗೂಟ ಬಡಿದು, ಡಾಂಬರು ಬಳಿದ. ನಾನು ಕೊಯ್ಸಿದ ತೋಳಿನ ತುಂಡು ಮಾತ್ರ ಗಡಿಬಿಡಿಯಲ್ಲಿ ತುಸು ಹೊರಚಾಚಿ ಕೂತಿತು.

ನನ್ನನ್ನು ಉಳಿಸಿದರು, ಅದು ನಿಜ. ಆದರೆ ಹೊರಗೆ ನಿಂತಿದ್ದೀ ಎಂದರಲ್ಲ, ಅದು ಸಮಾಧಾನವೋ ಚುಚ್ಚು ಮಾತೋ? ರೊಟ್ಟಿ ಬಡಿಯುವಾಗ ನೆನಪಾಗುತ್ತಿತ್ತು, ಕಸ ಗುಡಿಸುವಾಗ ನೆನಪಾಗುತ್ತಿತ್ತು. ಕೇಳುವ ಧೈರ್ಯ ಬರಲಿಲ್ಲ. ಮಕ್ಕಳಾದರು, ಅವರ ನೆತ್ತಿಗೂ ಆ ಗೆಣ್ಣು ಬಿತ್ತು. ಆ ಮಾತಿನ ಅರ್ಥ ಮಾತ್ರ ನನಗೆ ಗೊತ್ತಾಗಲೇ ಇಲ್ಲ.

ನಿಜಾಮರ ರಾಜ್ಯ ಮುಗಿಯುವ ಹೊತ್ತಿಗೆ ಅತ್ತೆಯವರು ತೀರಿಹೋದರು. ನಮ್ಮಲ್ಲಿ ಸತ್ತವರನ್ನು ಕೂಡಿಸಿಯೇ ಒಯ್ಯುವುದು. ವಿಭೂತಿ ಹಚ್ಚಿ ಕುರ್ಚಿಯಲ್ಲಿ ಕೂಡಿಸಿದ್ದರು, ಹೊತ್ತೊಯ್ಯಲು ಕಟ್ಟಿದ ಹೂವಿನ ವಿಮಾನ ಅಂಗಳದಲ್ಲಿ ಕಾದಿತ್ತು. ಮುಂದೆ ಹಿಡಿದವರು ಹಿಂದೆಹಿಂದಕ್ಕೆ ನಡೆಯುತ್ತ ಹೊಸ್ತಿಲು ದಾಟಿದರು. ಕುರ್ಚಿಯ ಕಾಲು ಆ ಹೊರಚಾಚಿದ ತುಂಡಿಗೆ ತಾಗುವುದರಲ್ಲಿತ್ತು. ಅತ್ತೆಯವರ ಬೆನ್ನಹಿಂದೆ ನಿಂತಿದ್ದ ನಾನು ಬಲಕ್ಕೆ ಸರಿಯಿರಿ ಎಂದೆ. ಮುಂದಿನವರು ತಮ್ಮ ಬಲಕ್ಕೆ ಎಳೆದರು, ಹಿಂದಿನವರು ತಮ್ಮ ಬಲಕ್ಕೆ. ಕುರ್ಚಿ ನಡುಬಾಗಿಲಲ್ಲಿ ವಾಲಿ ನಿಂತಿತು.

"ಯಾರ ಬಲಕ್ಕರಿ ಅಕ್ಕಾ?" ಎಂದು ಹೊರಗಿನಿಂದ ಒಬ್ಬರು ಕೇಳಿದರು.

"ನಮ್ಮ ಬಲಕ್ಕ," ಅಂದೆ. "ಒಳಗಿನೋರ ಬಲಕ್ಕ."

ಎಲ್ಲರೂ ಅತ್ತ ಸರಿದರು. ಅತ್ತೆಯವರು ತೋಳಿಗೆ ತಾಗದೆ ಹೊರಗೆ ಹೋದರು. ನಾನು ಒಳಗೇ ನಿಂತಿದ್ದೆ.