ಏಳು ಸೀಟಿನ ಕಾರು, ಎಂಟು ಜನ

ನಮ್ಮ ಮನೆಯಲ್ಲಿ ಎಂಟು ಜನ. ಭಾವ ಹೊಸದಾಗಿ ತಂದ ಕಾರಿನಲ್ಲಿ ಏಳೇ ಸೀಟು. ಮಂಗಳೂರಿನ ಮೃಗಾಲಯಕ್ಕೆ ಹೋಗುವ ಮಾತು ಕೆಟ್ಟದ್ದು ಅಲ್ಲಿಂದಲೇ ಎಂದು ನನ್ನ ಗಂಡ ಈಗಲೂ ಹೇಳುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಹತ್ತು ಸೀಟಿದ್ದಿದ್ದರೂ ನಾನೂ ಅಕ್ಕನೂ ಜಗಳವಾಡುತ್ತಿದ್ದೆವು.

ಅಕ್ಕ ಎಂದರೆ ಭಾವನ ಹೆಂಡತಿ, ನನ್ನ ಓರಗಿತ್ತಿ. ಗಂಗೊಳ್ಳಿಯ ಈ ಮನೆಯಲ್ಲಿ ಅಣ್ಣತಮ್ಮಂದಿರ ಎರಡು ಸಂಸಾರ. ಅವರಿಗೆ ಇಬ್ಬರು ಗಂಡುಮಕ್ಕಳು, ನನಗೆ ಒಬ್ಬಳೇ ಮಗಳು. ಬಾವಿಕಟ್ಟೆ, ಬಟ್ಟೆ ಒಣಗಿಸುವ ಹಗ್ಗ, ಫ್ರಿಜ್ಜಿನ ಒಳಗಿನ ತಟ್ಟೆ, ಎಲ್ಲದರಲ್ಲೂ ಅವರದು ಇಷ್ಟು ನನ್ನದು ಇಷ್ಟು ಎಂದು ಗಡಿ ಬಿದ್ದಿತ್ತು. ಮುಖ ನೋಡಿ ಮಾತಾಡುವುದನ್ನು ಇಬ್ಬರೂ ಬಿಟ್ಟಿದ್ದೆವು. ಹೇಳಲೇಬೇಕಾದ್ದನ್ನು ಅತ್ತೆಗೆ ಹೇಳುತ್ತಿದ್ದೆವು, ಆಚೆಯವಳ ಕಿವಿಗೆ ಬೀಳುವಷ್ಟು ಗಟ್ಟಿಯಾಗಿ.

ಮಳೆಗಾಲ ಶುರುವಾಗಿತ್ತು. ಬೋಟುಗಳೆಲ್ಲ ದಡ ಸೇರಿ ಗಂಡಸರು ಮನೆಯಲ್ಲಿದ್ದರು. ಹುಲಿ ನೋಡಬೇಕೆಂದು ಮೂರೂ ಮಕ್ಕಳು ಹಟ ಹಿಡಿದಿದ್ದವು. ಬರುವ ಭಾನುವಾರ ಎಲ್ಲರೂ ಒಟ್ಟಿಗೆ ಹೋಗೋಣ ಎಂದು ಭಾವನೇ ಹೇಳಿದರು. ಆ ಸಂಜೆ ಜಗಲಿಯಲ್ಲಿ ಕೂತು ಮಾತು ಶುರುವಾಯಿತು.

ಮಧ್ಯಾಹ್ನಕ್ಕೆ ಚಿತ್ರಾನ್ನ ಕಟ್ಟಿಕೊಂಡು ಹೋಗೋಣ ಎಂದು ನಾನು ಅತ್ತೆಗೆ ಹೇಳಿದೆ. ಅಕ್ಕ ಅಡಿಕೆ ಕತ್ತರಿಸುತ್ತಾ, ಅದೂ ಅತ್ತೆಗೇ ಎಂಬಂತೆ, "ಆ ಚಿತ್ರಾನ್ನ ತಿಂದ್ರೆ ಹುಲಿ ಕಾಂಬುದಲ್ಲ, ಸೀದಾ ಆಸ್ಪತ್ರೆ ಕಾಂಬುದೆ" ಎಂದರು.

"ಹುಲಿ ಕಾಂಬುಕೆ ಅಷ್ಟ್ ದೂರ ಎಂತಕ್ಕೆ ಹೋಯ್ಕ್? ಮನಿಯಂಗೇ ಒಂದಿತ್ತಲೆ" ಎಂದೆ ನಾನು.

ಭಾವ ಇಬ್ಬರನ್ನೂ ಗದರಿ ಸೀಟು ಎಣಿಸಿದರು. ಒಂದು ಕಡಿಮೆ ಬಿತ್ತು. 

"ಅತ್ತೆ ಬಪ್ಪುದ್ ಬ್ಯಾಡ" ಎಂದರು ಅಕ್ಕ. "ಮೊಣಕಾಲ್ ನೋವ್. ಅಲ್ಲೆಲ್ಲ ನಡೂಕೆ ಆತ್ತಾ ಅವ್ರಿಗೆ?"

ನನಗೆ ಅಷ್ಟೇ ಬೇಕಿತ್ತು. "ಹಂಗಾರೆ ನಿಮ್ ದೊಡ್ಡ ಮಗನ್ನ ಬಿಟ್ಟಿಕ್ ಬನ್ನಿ. ಅವ್ನ್ ಹ್ವಾದ್ ವರ್ಷ ಶಾಲೆಯಿಂದ ಹೋಯಿ ಕಂಡ್ಕಂಡ್ ಬಂದಿದ್ನಲೆ!"

ಎಷ್ಟೋ ಕಾಲದ ಮೇಲೆ ನಾವು ನೇರವಾಗಿ ಆಡಿದ ಮಾತು ಅದು. ಆಮೇಲೆ ನಿಲ್ಲಲಿಲ್ಲ. ಅಕ್ಕ ನನ್ನ ತವರನ್ನು ಎತ್ತಿದರು. ನಾನು ಅವರ ತಮ್ಮನ ಕುಡಿತವನ್ನು ಎತ್ತಿದೆ. ಗಂಡ ಕೊಡೆ ಹಿಡಿದು ಹೊರಗೆ ಹೋದರು. ಅತ್ತೆ ಗೋಡೆಗೆ ಒರಗಿ ಕಾಲು ನೀಡಿ ಕೂತಿದ್ದರು. ಆ ವಾರವೆಲ್ಲ ಇದೇ ನಡೆಯಿತು. ಅತ್ತೆ ಬರಲೇಬೇಕು ಎಂದು ನಾನು, ಬರಬಾರದು ಎಂದು ಅಕ್ಕ.

ಅತ್ತೆ ಹಿಂದೆ ಮೀನು ಮಾರುತ್ತಿದ್ದವರು. ಬುಟ್ಟಿ ಹೊತ್ತು ಬಸ್ಸು ಹತ್ತಿ ಘಟ್ಟದ ಬುಡದ ಅಮಾಸೆಬೈಲಿನವರೆಗೂ ಹೋಗಿ ಮಾರಿ ಬಂದು ಇಬ್ಬರು ಮಕ್ಕಳನ್ನು ದೊಡ್ಡವರನ್ನಾಗಿ ಮಾಡಿದವರು. ನಾನು ಮದುವೆಯಾಗಿ ಬರುವ ಹೊತ್ತಿಗೆ ಅದೆಲ್ಲ ಬಿಟ್ಟಿದ್ದರು.

ಶನಿವಾರ ಬೆಳಿಗ್ಗೆ, "ಇವತ್ ನಾನ್ ಮಕ್ಳನ್ನ ಬಸ್ಸಿಗೆ ಬಿಟ್ಟಿಕ್ ಬತ್ತೆ" ಎಂದು ಅತ್ತೆ ಮೂವರನ್ನೂ ಕರೆದುಕೊಂಡು ಹೊರಟರು. ಒಳ್ಳೆ ಸೀರೆ ಉಟ್ಟಿದ್ದರು. ವಾಪಸು ಬರುವಾಗ ದೇವಸ್ಥಾನಕ್ಕೆ ಹೋಗಬಹುದು ಅಂದುಕೊಂಡೆ. ಎರಡು ಗಂಟೆ ಕಳೆದಿರಬೇಕು, ಶಾಲೆಯಿಂದ ಅಕ್ಕನಿಗೆ ಫೋನು ಬಂತು. ಮೂರೂ ಮಕ್ಕಳು ಬಂದಿಲ್ಲ.

ಅಕ್ಕ ಓಡಿ ಬಂದು ನನ್ನ ರಟ್ಟೆ ಹಿಡಿದರು. "ಮಕ್ಳ್ ಎಲ್ಲಿದ್ದೊ? ಎಂತ ಮಾಡ್ದೆ ನೀನ್?"

"ನಾನಾ? ಮುದ್ಕಿ ತಲಿ ಕೆಡ್ಸದ್ದ್ ನೀವ್!"

ಅತ್ತೆಗೆ ಫೋನು ಮಾಡಿದರೆ ಅದು ಅವರ ದಿಂಬಿನ ಅಡಿಯಲ್ಲೇ ರಿಂಗಾಯಿತು. ಹೊರಗೆ ಮಳೆ ಹೊಡೆಯುತ್ತಿತ್ತು. ಭಾವ ಬಂದರಿನ ಕಡೆ ಓಡಿದರು, ನನ್ನ ಗಂಡ ಬೈಕು ಹತ್ತಿ ಕುಂದಾಪುರಕ್ಕೆ. ಅಳಿವೆಯ ಕಡೆಯಿಂದ ಕಡಲಿನ ಸದ್ದು ಮನೆಯೊಳಗೆ ಬರುತ್ತಿತ್ತು. ಮದುವೆಯಾಗಿ ಬಂದಾಗಿನಿಂದ ಕೇಳಿದ ಸದ್ದು, ಅವತ್ತು ಕಿವಿ ಮುಚ್ಚಿಕೊಂಡೆ. ಅಷ್ಟಾದರೂ ಅಕ್ಕ ನನ್ನನ್ನು ಬೈಯುವುದು ನಿಲ್ಲಿಸಲಿಲ್ಲ, ನಾನೂ ತಿರುಗಿ ಬೈಯುವುದು ನಿಲ್ಲಿಸಲಿಲ್ಲ. ನೆರೆಮನೆಯವರು ಬೇಲಿಯ ಹತ್ತಿರ ಬಂದು ನಿಂತರು.

ಮಧ್ಯಾಹ್ನ ಭಾವ ಬಂದರಿನಿಂದ ಮನೆಗೆ ಮರಳಿದ್ದಾಗ ಯಾರದೋ ನಂಬರಿನಿಂದ ಅವರಿಗೆ ಫೋನು ಬಂತು. ದೊಡ್ಡ ಮಗ. "ಅಪ್ಪಾ, ನಾವ್ ಮಂಗಳೂರಂಗ್ ಇತ್. ಅಜ್ಜಿ ಹುಲಿ ಮುಂದ್ ಕೂಕಂಡಿರ್, ಏಳುದೇ ಇಲ್ಲ."

ಭಾವ ಫೋನಿನಲ್ಲೇ ಕೂಗಾಡಿದರು. ಅಕ್ಕ ನೆಲಕ್ಕೆ ಕುಸಿದು ಅತ್ತರು. ನನಗೆ ಅಳು ಬರಲಿಲ್ಲ. ಅತ್ತೆ ಬರಲಿ, ಮಾಡುತ್ತೇನೆ ಅಂದುಕೊಂಡೆ.

ಕತ್ತಲಾಗುವ ಹೊತ್ತಿಗೆ ನಾಲ್ವರೂ ಬಂದರು. ಮಕ್ಕಳ ಯೂನಿಫಾರ್ಮು ಕೆಸರಾಗಿತ್ತು. ಮೂವರಿಗೂ ಒಟ್ಟಿಗೇ ಹೇಳಲಿಕ್ಕಿತ್ತು, ಒಬ್ಬರ ಮಾತು ಒಬ್ಬರು ನುಂಗುತ್ತಿದ್ದರು. ಅತ್ತೆ ಕುಂಟುತ್ತಾ ಮೆಟ್ಟಿಲು ಹತ್ತಿದರು. ಅಕ್ಕ ದೊಡ್ಡ ಮಗನಿಗೆ ಹೊಡೆಯಲು ಕೈ ಎತ್ತಿದಾಗ ಅತ್ತೆ ಆ ಕೈ ಹಿಡಿದುಕೊಂಡರು.

"ಹೊಡುದಾರೆ ನಂಗ್ ಹೊಡಿ. ಕರ್ಕಂಡ್ ಹ್ವಾದ್ದ್ ನಾನ್."

"ಒಂದ್ ಮಾತ್ ಹೇಳೂಕಾಯ್ಲಿಲ್ಯಾ ಅತ್ತೆ?" ಎಂದು ನಾನೂ ಕಿರುಚಿದೆ.

ಅತ್ತೆ ನನ್ನ ಕಡೆ ತಿರುಗಿದರು. ಅವರ ದನಿ ಏರಿರಲಿಲ್ಲ. "ಮುದ್ಕಿ ಬ್ಯಾಡ ಅಂದವ್ಳ್ ಒಬ್ಳ್. ಮುದ್ಕಿ ಹೆಸ್ರ್ ಹೇಳಿ ಅವ್ಳನ್ನ ಸೋಲ್ಸೂಕೆ ಹೊರಟವ್ಳ್ ಇನ್ನೊಬ್ಳ್. ವಾರ ಪೂರ್ತಿ ಕೇಂಡೆ. ಅತ್ತೆ, ನಿಮ್ಗ್ ಬಪ್ಪುಕೆ ಮನಸ್ಸಿತ್ತಾ ಅಂದ್ ಒಬ್ಳಾರೂ ಕೇಂಡ್ರ್ಯಾ?"

ಅತ್ತೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಭಾನುವಾರ ಯಾರೂ ಎಲ್ಲಿಗೂ ಹೋಗಲಿಲ್ಲ. ಊಟಕ್ಕೆ ಕರೆದರೆ ಅತ್ತೆ ಹಸಿವಿಲ್ಲ ಎಂದರು. ಏನೇನು ನೋಡಿದಿರಿ ಎಂದು ಕೇಳಿದೆ, ರಾಜಿಗಾಗಿಯೇ. "ಮಕ್ಳ್ ಹತ್ರ ಕೇಣ್" ಎಂದು ಗೋಡೆಯ ಕಡೆ ತಿರುಗಿ ಮಲಗಿದರು.

ಹೊರಗೆ ಬಂದರೆ ಅಕ್ಕ ಬಾಗಿಲಲ್ಲೇ ನಿಂತಿದ್ದರು. "ಕಂಡ್ಯಾ ಅವ್ರ ಸೊಕ್ಕ್?" ಎಂದರು. ಹೌದೆಂದೆ. ಅತ್ತೆಯ ಮೇಲಿನ ಸಿಟ್ಟಿನಲ್ಲಿ ನಾವಿಬ್ಬರೂ ಒಂದಾಗಿದ್ದೆವು. ಒಲೆಯ ಮುಂದೆ ನಿಂತು, ತಗ್ಗಿದ ದನಿಯಲ್ಲಿ, ಬಹಳ ಹೊತ್ತು ಅವರನ್ನು ಆಡಿಕೊಂಡೆವು. ಅಕ್ಕ ನನಗೆ ಚಾ ಕೂಡ ಕೊಟ್ಟರು.

ಮರುದಿನ ಅವರ ಚಿಕ್ಕ ಮಗನಿಗೆ ಜ್ವರ ಬಂತು. ಮಳೆಯಲ್ಲಿ ನಿಂತು ಮೊಸಳೆ ನೋಡಬೇಕೆಂದು ಹಟ ಹಿಡಿದವಳು ನನ್ನ ಮಗಳಂತೆ. ಹಾಗೆಂದು ಅಕ್ಕ ಅಡಿಗೆಮನೆಯಿಂದ ಕೂಗಿ ಹೇಳಿದರು. ನಾನು ಕೈಲಿದ್ದ ಬಟ್ಟೆಯನ್ನು ಬಾವಿಕಟ್ಟೆಯ ಮೇಲೆ ಎಸೆದು ಒಳಗೆ ನುಗ್ಗಿದೆ.